ಕಾಗದಪತ್ರದ ಮಾತೂ ಪ್ರಜೆಯ ಹಕ್ಕೂ

ಖಾತೆ ತಮ್ಮ ಹೆಸರಿಗಾದೊಡನೆ ಸ್ವತ್ತು ತಮ್ಮದಾಯಿತೆಂದು ನಂಬಿ ನಿಶ್ಚಿಂತರಾಗಿರುವವರು ನಮ್ಮ ಪಟ್ಟಣಗಳಲ್ಲಿ ಅನೇಕರಿದ್ದಾರೆ. ವಿದ್ಯಾವಂತರೂ ಈ ಭ್ರಮೆಗೆ ಹೊರತಲ್ಲ. ಖಾತೆಯೆಂಬುದು ಕಂದಾಯವನ್ನು ಯಾರಿಂದ ವಸೂಲು ಮಾಡತಕ್ಕದ್ದೆಂದು ಪೌರಸಂಸ್ಥೆಯು ಇಟ್ಟುಕೊಂಡಿರುವ ಲೆಕ್ಕವೇ ಹೊರತು ಒಡೆತನವನ್ನು ಕೊಡುವ ಪತ್ರವಲ್ಲ. ಜಮೀನಿನ ಪಹಣಿಗೆ ಇದಕ್ಕಿಂತ ಹೆಚ್ಚಿನ ಬಲವುಂಟು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದ ಪ್ರಕಾರ ಅದರಲ್ಲಿಯ ನಮೂದನ್ನು, ವಿರುದ್ಧವಾದುದು ರುಜುವಾತಾಗುವವರೆಗೆ ಅಥವಾ ಹೊಸ ನಮೂದು ಬರುವವರೆಗೆ, ನಿಜವೆಂದು ಭಾವಿಸತಕ್ಕದ್ದು. ಭಾವಿಸತಕ್ಕದ್ದೆಂದರೆ ತೀರ್ಮಾನವಾಯಿತೆಂದಲ್ಲ.

ಇನ್ನು ಕ್ರಯದ ಕರಾರನ್ನೂ ಕ್ರಯಪತ್ರವನ್ನೂ ಒಂದೇ ಎಂದು ತಿಳಿಯುವವರ ಪಾಡು ಮತ್ತಷ್ಟು ಶೋಚನೀಯ. 1882ರ ಸ್ವತ್ತು ವರ್ಗಾವಣೆಯ ಅಧಿನಿಯಮದ 54ನೆಯ ಪ್ರಕರಣದಂತೆ ಕರಾರು ಮುಂದೆ ಮಾರುವೆನೆಂಬ ಒಪ್ಪಂದ ಮಾತ್ರ; ಅಷ್ಟರಿಂದಲೇ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ನೂರು ರೂಪಾಯಿಯ ಅಥವಾ ಅದಕ್ಕೂ ಮೀರಿದ ಬೆಲೆಯ ಸ್ಥಿರಸ್ವತ್ತಿನ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು. ಬರಿಯ ಅಧಿಕಾರಪತ್ರವನ್ನು ಬರೆಯಿಸಿಕೊಂಡು ನಿವೇಶನ ಕೊಂಡೆವೆನ್ನುವವರಿಗೆ, ಅಂತಹ ವ್ಯವಹಾರದಿಂದ ಒಡೆತನ ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಸ್ಪಷ್ಟಪಡಿಸಿದೆ. ಜೀವಮಾನದ ಗಳಿಕೆಯೆಲ್ಲ ಒಂದು ಶಬ್ದದ ಅರ್ಥವನ್ನು ಅವಲಂಬಿಸಿ ನಿಂತಿರುತ್ತದೆ.

ಇದಕ್ಕೆ ಪರಭಾಷೆಯ ಪದಗಳೇ ಕಾರಣವೆಂದು ಕೆಲವರು ಹೇಳುವರು. ನಾವು ಹಾಗೆ ಭಾವಿಸುವುದಿಲ್ಲ. ಜಪ್ತಿ, ಜಾಮೀನು, ತಕರಾರು, ವಕಾಲತ್ತು ಮೊದಲಾದವು ಹೊರಗಿನಿಂದ ಬಂದವುಗಳಾದರೂ ಇಂದು ಕನ್ನಡಿಗರ ನಾಲಗೆಯ ಮೇಲೆಯೇ ಇವೆ. 1963ರಲ್ಲಿ ರಾಜಭಾಷೆಯ ಅಧಿನಿಯಮವಾಗಿ ಕನ್ನಡಕ್ಕೆ ಆಡಳಿತದಲ್ಲಿ ಸ್ಥಾನ ದೊರೆಯಿತು. ಆದರೆ ಲಿಪಿ ಕನ್ನಡವಾದ ಮಾತ್ರಕ್ಕೆ ಅರ್ಥವೂ ಪ್ರಜೆಯ ಮನೆಯನ್ನು ಮುಟ್ಟಿತೆನ್ನಲಾಗದು.

1908ರ ನೋಂದಣಿ ಅಧಿನಿಯಮದಲ್ಲಿ ಒಂದು ವಿಚಿತ್ರವುಂಟು. ಪತ್ರದ ಭಾಷೆ ಅಧಿಕಾರಿಗೆ ತಿಳಿಯದಿದ್ದು ಜಿಲ್ಲೆಯಲ್ಲಿ ಬಳಕೆಯಲ್ಲಿಯೂ ಇಲ್ಲದಿದ್ದರೆ, ಭಾಷಾಂತರವಿಲ್ಲದೆ ಅದನ್ನು ನೋಂದಾಯಿಸಕೂಡದೆಂದು 19ನೆಯ ಪ್ರಕರಣವು ವಿಧಿಸುತ್ತದೆ. ಪತ್ರವನ್ನು ಬರೆದುಕೊಟ್ಟವರು ಇವರೇ ಹೌದೇ ಎಂದು ಅಧಿಕಾರಿಯು ವಿಚಾರಿಸಬೇಕೆಂದು 34ನೆಯ ಪ್ರಕರಣವು ಹೇಳುತ್ತದೆ. ಅಧಿಕಾರಿಯ ತಿಳಿವಳಿಕೆಗೆ ಇಷ್ಟು ಎಚ್ಚರ ವಹಿಸಿದ ಕಾನೂನು, ರುಜು ಹಾಕುವವನಿಗೆ ತಿಳಿಯಿತೇ ಎಂಬುದನ್ನೂ ಅಷ್ಟೇ ಎಚ್ಚರದಿಂದ ಕೇಳಬೇಡವೇ?

ಆದುದರಿಂದ ನಮ್ಮ ಸೂಚನೆ ಸರಳವಾದುದು. ರುಜುವಿಗೆ ಮೊದಲು, ಈ ಪತ್ರದಿಂದ ಯಾವ ಹಕ್ಕು ಬರುವುದು, ಯಾವುದು ಹೋಗುವುದು ಎಂಬುದನ್ನು ನಾಲ್ಕು ಸಾಲುಗಳ ತಿಳಿಗನ್ನಡದಲ್ಲಿ ಓದಿ ಹೇಳುವ ಪದ್ಧತಿ ನೋಂದಣಿ ಕಚೇರಿಗಳಲ್ಲಿ ಬರಲಿ. ತಾಲ್ಲೂಕು ಕಚೇರಿಯ ಪ್ರತಿಯೊಂದು ನೋಟೀಸಿನಲ್ಲಿಯೂ ಏನು ಕೇಳಲಾಗಿದೆ, ಎಂದಿನೊಳಗೆ, ಯಾರಲ್ಲಿ ಉತ್ತರ ಕೊಡಬೇಕು ಎಂಬುದು ಮೊದಲ ಸಾಲಿನಲ್ಲಿಯೇ ಇರಲಿ. ಇದಕ್ಕೆ ಬೊಕ್ಕಸದಿಂದ ಬಹಳ ಹಣ ಬೇಕಿಲ್ಲ. ಅಧಿಕಾರಿಗಳ ಮನಸ್ಸು ಬೇಕು. ಓದಬಲ್ಲ ಮಹಾಜನರೂ ನೆರೆಹೊರೆಯವರ ಕಾಗದವನ್ನು ಓದಿ ಅರ್ಥ ಹೇಳುವುದನ್ನು ತಮ್ಮ ಕರ್ತವ್ಯವೆಂದು ಎಣಿಸಲಿ. ತನಗೆ ತಿಳಿಯದ ಮಾತಿನ ಕೆಳಗೆ ಹೆಬ್ಬೆಟ್ಟೊತ್ತುವ ಪ್ರಜೆಗೆ ಸ್ವರಾಜ್ಯವು ಇನ್ನೂ ಪೂರ್ಣವಾಗಿ ಬಂದಿಲ್ಲ.