ಕ್ಯಾಮೆರಾ ದೊಡ್ಡದೇ ಬೇಕೋ, ಚಿಕ್ಕದು ಸಾಕೋ?

‘ಮಾವ, ನಮ್ಮ ಕ್ಲಾಸಿನಲ್ಲಿ ಸುಮಾರು ಜನರ ಹತ್ತಿರ ಡಿಎಸ್‌ಎಲ್‌ಆರ್ ಇದೆ. ನೀನೊಂದು ಮಾತು ಹೇಳಿದರೆ ಅಮ್ಮ ಒಪ್ತಾಳೆ.’

ತೀರ್ಥಹಳ್ಳಿಯಿಂದ ಅಕ್ಕನ ಮಗಳ ಫೋನು. ಪತ್ರಿಕೋದ್ಯಮ ಓದುತ್ತಿರುವ ಹುಡುಗಿ. ಅವಳ ಕೈಯಿಂದ ಫೋನು ಕಸಿದುಕೊಂಡು ಅಕ್ಕ ಹೇಳಿದಳು: ‘ಅಡಿಕೆ ಮಾರಿದ ದುಡ್ಡಿನಲ್ಲಿ ಉಳಿದಿರುವುದೇ ಇಷ್ಟು. ಇವಳ ಹಾಸ್ಟೆಲ್ ಫೀಸೂ ಅದರಲ್ಲೇ ಆಗಬೇಕು. ಅಷ್ಟು ಸುರಿದ ಮೇಲೆ ಅದು ಕಪಾಟಿನಲ್ಲಿ ಕೂತರೆ? ನಿನ್ನದು ಕೂತಿಲ್ಲವೇನೋ?’

ಕೊನೆಯ ಮಾತು ಚುಚ್ಚಿತು. ನಿಜ, ನನ್ನ ಡಿಎಸ್‌ಎಲ್‌ಆರ್ ಕಪಾಟಿನಲ್ಲೇ ಇತ್ತು. ಹೊಸತರಲ್ಲಿ ಹೋದಲ್ಲೆಲ್ಲ ಕೊರಳಲ್ಲಿ ತೂಗಿತು. ಆಮೇಲೆ ಭಾರವೆನಿಸಿತು. ಹಾಗಾಗಿ ಫೋನಿನಲ್ಲೇ ಉತ್ತರ ಹೇಳದೆ, ಕ್ಯಾಮೆರಾದ ಧೂಳು ಒರೆಸಿ, ಸ್ನೇಹಿತನೊಬ್ಬನ ಕಾಂಪ್ಯಾಕ್ಟ್ ಕ್ಯಾಮೆರಾವನ್ನೂ ಎರವಲು ತಂದು, ಊರಿಗೆ ಹೊರಟೆ.

ಏನು ವ್ಯತ್ಯಾಸ?

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಬೆಳಕು ಸೆನ್ಸರ್ ಮೇಲೆ ಬೀಳುತ್ತದೆ. ‘ಟಪ್’ ಎಂಬ ಆ ಸದ್ದಿನಲ್ಲಿ ಕನ್ನಡಿಯ ಪಾಲೂ ಇದೆ. ಲೆನ್ಸನ್ನು ಬೇಕಾದಾಗ ಬಿಚ್ಚಿ ಬೇರೆಯದನ್ನು ಹಾಕಬಹುದು. ಕಾಂಪ್ಯಾಕ್ಟ್‌ನಲ್ಲಿ ಕನ್ನಡಿ ಇಲ್ಲ, ಲೆನ್ಸು ಬದಲಿಸುವಂತೆಯೂ ಇಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸ ಸೆನ್ಸರ್‌ನದು. ವಿದ್ಯಾರ್ಥಿಗಳು ಕೊಳ್ಳುವ ಸಾಮಾನ್ಯ ಡಿಎಸ್‌ಎಲ್‌ಆರ್‌ನ ಸೆನ್ಸರ್ ಸುಮಾರು 23.5 ಮಿ.ಮೀ. ಉದ್ದ, 15.6 ಮಿ.ಮೀ. ಅಗಲ. ಬಹಳಷ್ಟು ಕಾಂಪ್ಯಾಕ್ಟ್‌ಗಳಲ್ಲಿ ಅದು 6.2 ಮತ್ತು 4.6 ಮಿ.ಮೀ. ಮಾತ್ರ. ವಿಸ್ತೀರ್ಣ ಲೆಕ್ಕ ಹಾಕಿ ನೋಡಿ, ಸುಮಾರು 13 ಪಟ್ಟು ವ್ಯತ್ಯಾಸ! ಮಳೆ ಬರುವಾಗ ಅಂಗಳದಲ್ಲಿ ಕೊಳಗ ಇಟ್ಟಂತೆ ಒಂದು, ಲೋಟ ಇಟ್ಟಂತೆ ಇನ್ನೊಂದು.

ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲ್ ಲೆಕ್ಕ. ಅದಕ್ಕೆ ಮರುಳಾಗಬೇಡಿ. 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಉದ್ದಕ್ಕೆ 4000, ಅಗಲಕ್ಕೆ 3000 ಚುಕ್ಕೆಗಳಿರುತ್ತವೆ. ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಿದರೂ 13 ಇಂಚು ಉದ್ದ, 10 ಇಂಚು ಅಗಲದ ಸೊಗಸಾದ ಚಿತ್ರ ಬರುತ್ತದೆ. ಕಾಲೇಜಿನ ಕೆಲಸಕ್ಕೆ ಇನ್ನೆಷ್ಟು ಬೇಕು?

ಮಂಡಗದ್ದೆಯ ಪಾಠ

ಮರುದಿನ ಮೂವರೂ ಮಂಡಗದ್ದೆಗೆ ಹೋದೆವು. ತುಂಗಾ ನದಿಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿಗಳು, ನೀರುಕಾಗೆಗಳು ಗೂಡು ಕಟ್ಟುತ್ತವೆ. ದಡದ ಮೇಲಿನ ಗೋಪುರದಿಂದ ನೋಡಬೇಕು.

ಡಿಎಸ್‌ಎಲ್‌ಆರ್ ಕೈಗೆ ಬಂದ ಸಂಭ್ರಮದಲ್ಲಿ ಸೊಸೆ ಹತ್ತಾರು ಚಿತ್ರ ತೆಗೆದಳು. ನೋಡಿದರೆ ಹಸಿರಿನ ಮೇಲೆ ಅಕ್ಕಿಕಾಳು ಚೆಲ್ಲಿದಂತೆ ಹಕ್ಕಿಗಳು! ಕ್ಯಾಮೆರಾ ಜೊತೆಗೆ ಬರುವ 18-55 ಮಿ.ಮೀ. ಲೆನ್ಸಿಗೆ ಅಷ್ಟು ದೂರದ್ದನ್ನು ಹತ್ತಿರ ತರುವ ಶಕ್ತಿಯಿಲ್ಲ. ಅದಕ್ಕೆ ಬೇರೆಯೇ ಉದ್ದ ಲೆನ್ಸು ಬೇಕು. ಅದರ ಬೆಲೆ ಎಷ್ಟೋ ಸಲ ಕ್ಯಾಮೆರಾಕ್ಕಿಂತಲೂ ಹೆಚ್ಚು. ಅದೇ 30 ಪಟ್ಟು ಜೂಮ್ ಇದ್ದ ಕಾಂಪ್ಯಾಕ್ಟ್‌ನಲ್ಲಿ ಅಕ್ಕನೇ ಒಂದು ಚಿತ್ರ ತೆಗೆದಳು. ತಾಯಿ ಹಕ್ಕಿಯ ಕೊಕ್ಕಿಗೆ ಬಾಯಿ ಹಾಕುತ್ತಿದ್ದ ಮರಿ ಸ್ಪಷ್ಟವಾಗಿ ಕಂಡಿತು. ‘ನೋಡಿದೆಯಾ?’ ಎಂದು ಮಗಳ ಕಡೆ ತಿರುಗಿದಳು.

ಸಂಜೆ ಆಟ ತಿರುವುಮುರುವಾಯಿತು. ಸಭಾಭವನವೊಂದರಲ್ಲಿ ಮಳೆಗಾಲದ ಯಕ್ಷಗಾನವಿತ್ತು. ಕಾಂಪ್ಯಾಕ್ಟ್‌ನಲ್ಲಿ ಹಿಡಿದ ವೇಷಗಳೆಲ್ಲ ಕಲಸಿ ಹೋದವು. ಬೆಳಕು ಕಡಿಮೆ, ಕುಣಿತ ಚುರುಕು. ಚಿಕ್ಕ ಸೆನ್ಸರ್ ಸೋತಿತು. ದೊಡ್ಡ ಕ್ಯಾಮೆರಾದಲ್ಲೂ 18-55ರ ಲೆನ್ಸಿನಿಂದ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಆಗ ಚೀಲದಿಂದ 50 ಮಿ.ಮೀ. ಎಫ್ 1.8 ಎಂಬ ಪುಟ್ಟ ಲೆನ್ಸು ತೆಗೆದು ಹಾಕಿಕೊಟ್ಟೆ. ಡಿಎಸ್‌ಎಲ್‌ಆರ್‌ಗೆ ಸಿಗುವ ಅಗ್ಗದ ಲೆನ್ಸುಗಳಲ್ಲಿ ಇದೂ ಒಂದು. ಇದಕ್ಕೆ ಜೂಮ್ ಇಲ್ಲ. ಆದರೆ ಎಫ್ 5.6ಕ್ಕೆ ಹೋಲಿಸಿದರೆ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಗಿರಕಿ ಹೊಡೆಯುತ್ತಿದ್ದ ವೇಷ, ಹಾರಿದ ಗೆಜ್ಜೆಗಾಲು ಎಲ್ಲ ನಿಂತಲ್ಲೇ ನಿಂತವು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಹಾಗೆಂದು ನೆಲ ಯಾವಾಗಲೂ ಸಮವಾಗಿಯೇ ಇರುತ್ತದೆ ಎಂದಲ್ಲ. ಯಾವ ನೆಲದಲ್ಲಿ ಕುಣಿಯುತ್ತೇವೆ ಎಂಬುದು ಮೊದಲು ಗೊತ್ತಿರಬೇಕು. ‘ಯಾವ ಕ್ಯಾಮೆರಾ ಒಳ್ಳೆಯದು’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ನಾನು ಏನನ್ನು ತೆಗೆಯಬೇಕು’ ಎಂಬ ಪ್ರಶ್ನೆಗೆ ಉತ್ತರವಿದೆ.

ಕೊಳ್ಳುವ ಮುನ್ನ

ಮಗ ಪ್ರವಾಸದಲ್ಲಿ, ಮನೆಯ ಸಮಾರಂಭಗಳಲ್ಲಿ ಚಿತ್ರ ತೆಗೆಯುವವನೇ? ಅದಕ್ಕೆ ಕೈಯಲ್ಲಿರುವ ಫೋನೇ ಸಾಕು. ಅಗ್ಗದ ಕಾಂಪ್ಯಾಕ್ಟ್‌ಗಳು ಅಂಗಡಿಯಿಂದ ಬಹುಮಟ್ಟಿಗೆ ಮಾಯವಾದದ್ದೂ ಫೋನಿನಿಂದಲೇ. ಫೋನಿಗಿಂತ ಉದ್ದದ ಜೂಮ್ ಅಥವಾ ದೊಡ್ಡ ಸೆನ್ಸರ್ ಇದ್ದರೆ ಮಾತ್ರ ಕಾಂಪ್ಯಾಕ್ಟ್ ಕೊಂಡದ್ದಕ್ಕೆ ಅರ್ಥ. ಬೆಳಕು, ವೇಗ, ಫೋಕಸ್ಸುಗಳನ್ನು ತಾನೇ ಹತೋಟಿಗೆ ತಂದುಕೊಂಡು ಕಲಿಯುವ ಹಂಬಲ ಮಗಳಿಗಿದ್ದರೆ ಡಿಎಸ್‌ಎಲ್‌ಆರ್ ಒಳ್ಳೆಯ ಗುರು.

ಕ್ಯಾನನ್, ನಿಕಾನ್ ಕಂಪನಿಗಳು 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಮಾದರಿಗಳನ್ನು ತಂದಿಲ್ಲ. ಕನ್ನಡಿಯನ್ನೇ ತೆಗೆದುಹಾಕಿದ ಮಿರರ್‌ಲೆಸ್ ಕ್ಯಾಮೆರಾಗಳತ್ತ ಹೊರಳಿವೆ. ಇದರಿಂದ ವಿದ್ಯಾರ್ಥಿಗಳಿಗೆ ಲಾಭವೂ ಇದೆ. ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತವೆ. ಕೊಳ್ಳುವಾಗ ಅದು ಎಷ್ಟು ಚಿತ್ರ ತೆಗೆದಿದೆ ಎಂಬ ಶಟರ್ ಲೆಕ್ಕ ಕೇಳಿ. ಸಾಮಾನ್ಯ ಮಾದರಿಗಳ ಶಟರ್ ಸುಮಾರು 1 ಲಕ್ಷ ಚಿತ್ರಕ್ಕೆಂದು ಮಾಡಿದ್ದು. ಲೆನ್ಸನ್ನು ಬೆಳಕಿಗೆ ಹಿಡಿದು, ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ. ಅದು ಬೂಷ್ಟು.

ಮಲೆನಾಡು, ಕರಾವಳಿಯವರಿಗಂತೂ ಈ ಬೂಷ್ಟೇ ದೊಡ್ಡ ಶತ್ರು. ಮಳೆಗಾಲದಲ್ಲಿ ಚರ್ಮದ ಚೀಲದೊಳಗಿಟ್ಟು ಮರೆತರೆ ಲೆನ್ಸು ಹಾಳಾದಂತೆಯೇ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಆಗಾಗ ಹೊರತೆಗೆದು ಬಳಸುತ್ತಿರಿ. ಬಳಕೆಯೇ ಕ್ಯಾಮೆರಾಕ್ಕೆ ಮದ್ದು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ‘ಬೇಡ’ ಎನ್ನುವ ಮೊದಲು ಮಕ್ಕಳನ್ನು ಕೇಳಿ: ‘ಮುಂದಿನ ಮೂರು ತಿಂಗಳಲ್ಲಿ ಏನೇನು ಚಿತ್ರ ತೆಗೆಯುತ್ತೀ?’ ಥಟ್ಟನೆ ಉತ್ತರ ಬಂದರೆ ಆ ಆಸೆ ನಿಜವಾದದ್ದು. ‘ಎಲ್ಲರ ಹತ್ತಿರ ಇದೆ’ ಎಂಬುದಷ್ಟೇ ಉತ್ತರವಾದರೆ ಸ್ವಲ್ಪ ಕಾಯಿರಿ. ಆಗಲೂ ಎರವಲೋ, ಬಾಡಿಗೆಗೋ ತಂದು ಒಂದೆರಡು ದಿನ ಕೊಟ್ಟು ನೋಡಿ.

ಸೊಸೆಯನ್ನು ನಾನೂ ಅದನ್ನೇ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದಳು: ‘ಚೌಕಿ, ಮಾವ. ವೇಷ ಕಟ್ಟಿಕೊಳ್ಳುವಾಗ ಅವರ ಮುಖ ನೋಡಬೇಕು. ಮನುಷ್ಯರು ದೇವರಾಗುವುದು ಅಲ್ಲಿ.’

ಇನ್ನೇನು ಕೇಳುವುದು? ನನ್ನ ಕ್ಯಾಮೆರಾವನ್ನೂ ಆ ಪುಟ್ಟ ಲೆನ್ಸನ್ನೂ ಅವಳ ಕೈಗಿಟ್ಟು, ವರ್ಷದ ಮಟ್ಟಿಗೆ ನಿನ್ನದು ಎಂದೆ. ವಾರಕ್ಕೆ ಹತ್ತು ಚಿತ್ರ ನನಗೆ ಕಳಿಸಬೇಕೆಂಬುದೇ ಬಾಡಿಗೆ. ಅದನ್ನು ಸರಿಯಾಗಿ ಸಲ್ಲಿಸುತ್ತಿದ್ದಾಳೆ. ಅಕ್ಕ ಮೊನ್ನೆ ಫೋನು ಮಾಡಿದ್ದಳು. ಹಾಸ್ಟೆಲ್ ಫೀಸು ಕಟ್ಟಿ ಆಯಿತಂತೆ.