ಅರಬ್ಬರ ಮನೆಯಲ್ಲಿ ನಾಯಿ ಸಾಕುತ್ತಾರೆಯೇ?

ದುಬೈ, ಅಬುಧಾಬಿಯ ಅರಬ್ ಮನೆಗಳಲ್ಲಿ ಡ್ರೈವರ್ ಕೆಲಸಕ್ಕೆ ಸೇರಿದ ನಮ್ಮ ಕರಾವಳಿಯ ಹುಡುಗರಿಗೆ ಅಂಗಳದಲ್ಲಿ ನಾಯಿ ಕಂಡರೆ ಗಲಿಬಿಲಿ ಆಗುವುದು ಸಹಜ. ಭಟ್ಕಳ, ಮಂಗಳೂರು ಕಡೆಯ ಮುಸ್ಲಿಮರಲ್ಲಿ ಹೆಚ್ಚಿನವರು ಶಾಫಿ ಪಂಥದವರು. ನಾಯಿಯ ಜೊಲ್ಲು ತಾಗಿದರೆ ಏಳು ಸಲ, ಅದರಲ್ಲಿ ಒಮ್ಮೆ ಮಣ್ಣು ಬೆರೆಸಿದ ನೀರಿನಿಂದ ತೊಳೆಯಬೇಕೆಂಬುದು ಅವರ ನಿಯಮ. ಯುಎಇಯ ಸ್ಥಳೀಯರಲ್ಲಿ ಮಾಲಿಕಿ ಪಂಥದವರೇ ಜಾಸ್ತಿ. ಆ ಪಂಥದ ಪ್ರಕಾರ ಜೀವಂತ ನಾಯಿ ಅಶುದ್ಧವಲ್ಲ!

ಸಲೂಕಿ ಎಂಬ ತೆಳ್ಳನೆಯ, ಉದ್ದ ಕಾಲಿನ ಬೇಟೆನಾಯಿಗಂತೂ ಬೆದೂಯಿನರು ಡೇರೆಯೊಳಗೇ ಜಾಗ ಕೊಟ್ಟಿದ್ದರು. ಪಳಗಿಸಿದ ನಾಯಿ ಹಿಡಿದು ತಂದ ಬೇಟೆ ತಿನ್ನಬಹುದೆಂದು ಕುರಾನಿನ 5ನೇ ಅಧ್ಯಾಯವೇ ಹೇಳುತ್ತದೆ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದು ಕುಡಿಸಿದವನ ಪಾಪ ಮನ್ನಾ ಆಯಿತೆಂಬ ಹದೀಸೂ ಇದೆ. ಬೇಟೆ, ಕುರಿ ಕಾವಲು, ಹೊಲದ ಕಾವಲು ಇವಕ್ಕಲ್ಲದೆ ಸುಮ್ಮನೆ ನಾಯಿ ಸಾಕಬಾರದೆಂಬ ಹದೀಸನ್ನೂ ಮರೆಯುವಂತಿಲ್ಲ. ಫ್ಲ್ಯಾಟಿನ ಮುದ್ದುನಾಯಿಯ ಬಗ್ಗೆ ತಕರಾರು ಬರುವುದು ಅಲ್ಲೇ.

ಶಾಫಿ ಹುಡುಗನಿಗೆ ಯಜಮಾನರ ನಾಯಿಯನ್ನು ಕಾರಿನಲ್ಲಿ ಕರೆದೊಯ್ಯಬೇಕಾಗಿ ಬಂದರೆ? ಒಣ ಕೈಗೆ ಒಣ ರೋಮ ತಾಗಿದರೆ ಶಾಫಿ ನಿಯಮದಲ್ಲೂ ತೊಳೆಯಬೇಕಿಲ್ಲ. ಒದ್ದೆಯಿದ್ದರೆ ತಾಗಿದ ಜಾಗವನ್ನು ತೊಳೆದರಾಯಿತು, ಅದರಿಂದ ವುಜೂ ಮುರಿಯುವುದಿಲ್ಲ. ಕೆಲಸ ಬಿಟ್ಟು ಬರುವಷ್ಟು ದೊಡ್ಡ ಸಮಸ್ಯೆಯಲ್ಲ ಇದು.

ನಾಯಿ ಸಾಕಿರುವ ನಮ್ಮವರಿಗೂ ಒಂದು ಮಾತು. ಅಲ್ಲಿ ನೋಂದಣಿ, ರೇಬಿಸ್ ಲಸಿಕೆ, ಹೊರಗೆ ಹೋದರೆ ಬೆಲ್ಟು ಕಡ್ಡಾಯ. ಶುಕ್ರವಾರ ಮಸೀದಿಗೆ ಹೊರಟ ನೆರೆಯವರು ಲಿಫ್ಟಿನಲ್ಲಿ ಹಿಂದೆ ಸರಿದರೆ ಅದು ಸಿಟ್ಟಲ್ಲ. ನಾಯಿಯ ಒದ್ದೆ ಮೂಗು ಬಿಳಿ ಅಂಗಿಗೆ ತಾಗಿದರೆ ಅವರು ಬಟ್ಟೆ ಬದಲಿಸಲು ಮನೆಗೆ ವಾಪಸ್ ಹೋಗಬೇಕಾಗಬಹುದು. ನೀವೇ ಮುಂದಿನ ಲಿಫ್ಟಿಗೆ ಕಾಯಿರಿ.