ಗೆಲುವನ್ನು ಯಂತ್ರ ಎಣಿಸುವ ಬಗೆ

ವಿಡಿಯೋ ಗೇಮಿನಲ್ಲಿ ಆಟಗಾರ ಗೆದ್ದನೇ ಇಲ್ಲವೇ ಎಂದು ತೀರ್ಮಾನಿಸುವುದು ಯಂತ್ರವೇ ಆಗಿದ್ದು, ಆ ತೀರ್ಮಾನಕ್ಕೆ ಆಧಾರವಾಗುವ ನಿಯಮವನ್ನು ಗೆಲುವಿನ ಷರತ್ತು ಎನ್ನಲಾಗುತ್ತದೆ. ಚದುರಂಗದಲ್ಲಿ ರಾಜನಿಗೆ ದಾರಿ ಉಳಿದಿದೆಯೇ ಎಂಬುದನ್ನು ಎದುರುಬದುರು ಕುಳಿತವರಿಬ್ಬರೂ ಕಣ್ಣಾರೆ ನೋಡಿ ಒಪ್ಪಿಕೊಳ್ಳುತ್ತಾರೆ. ಯಂತ್ರಕ್ಕೆ ಆ ಬಗೆಯ ನೋಟವಿಲ್ಲ, ಅದು ಬಲ್ಲದ್ದು ಮೆಮೊರಿಯಲ್ಲಿರುವ ಒಂದು ಸಂಖ್ಯೆಯನ್ನು ಇನ್ನೊಂದರೊಡನೆ ಹೋಲಿಸುವುದನ್ನು ಮಾತ್ರ. ಹೀಗಾಗಿ ಆಟವನ್ನು ರೂಪಿಸುವವರು ಒಂದೇ ಗುರಿಯನ್ನು ಪರದೆಯ ಮೇಲೆ ಆಟಗಾರನಿಗೂ ಪ್ರೋಗ್ರಾಮಿನೊಳಗೆ ಯಂತ್ರಕ್ಕೂ ಬೇರೆಬೇರೆಯಾಗಿ ಹೇಳಬೇಕಾಗುತ್ತದೆ. ಈ ಎರಡು ಹೇಳಿಕೆಗಳು ಒಂದಕ್ಕೊಂದು ಹೊಂದಿಕೊಂಡಿರುವವರೆಗೆ ಮಾತ್ರ ಗುರಿ ಸ್ಪಷ್ಟವಾಗಿರುತ್ತದೆ.

ಇದಕ್ಕೆ ಒಳ್ಳೆಯ ನಿದರ್ಶನ, ಜಪಾನಿನ ನಾಮ್ಕೊ ಕಂಪನಿಗಾಗಿ ತೋರು ಇವಾತಾನಿ ರೂಪಿಸಿದ, 1980ರಲ್ಲಿ ಹೊರಬಂದ ಪ್ಯಾಕ್‌ಮ್ಯಾನ್. ಓಣಿಗಳ ಜಾಲವೊಂದರಲ್ಲಿ 240 ಸಣ್ಣ ಚುಕ್ಕಿಗಳೂ 4 ದೊಡ್ಡ ಗುಳಿಗೆಗಳೂ ಹರಡಿಕೊಂಡಿರುತ್ತವೆ. ಬೆನ್ನಟ್ಟುವ ನಾಲ್ಕು ದೆವ್ವಗಳಿಂದ ತಪ್ಪಿಸಿಕೊಳ್ಳುತ್ತ ಅವೆಲ್ಲವನ್ನೂ ತಿಂದು ಮುಗಿಸಿದರೆ ಹಂತ ಮುಗಿಯುತ್ತದೆ. ಏನು ಮಾಡಬೇಕೆಂದು ಬರೆದು ತಿಳಿಸುವ ಅಗತ್ಯವೇ ಇಲ್ಲಿಲ್ಲ, ಏಕೆಂದರೆ ಇನ್ನೆಷ್ಟು ಉಳಿದಿದೆ, ಅದು ಎಲ್ಲಿದೆ ಎಂಬುದೆಲ್ಲ ಯಾವ ಕ್ಷಣದಲ್ಲೂ ಪರದೆಯ ಮೇಲೆಯೇ ಇರುತ್ತದೆ. ಯಂತ್ರದ ಪಾಲಿಗಾದರೋ ಇದೇ ಗುರಿ ಒಂದು ಎಣಿಕೆ: ತಿಂದ ಪ್ರತಿಯೊಂದಕ್ಕೂ ಸಂಖ್ಯೆ ಒಂದರಂತೆ ಏರಿ, 244 ಮುಟ್ಟಿದೊಡನೆ ಓಣಿಯ ಗೋಡೆಗಳು ನೀಲಿ–ಬಿಳಿಯಾಗಿ ಮಿನುಗಿ ಮುಂದಿನ ಹಂತ ಆರಂಭವಾಗುತ್ತದೆ.

ಗೆಲುವನ್ನು ನಿರ್ಧರಿಸುವ ಈ ಎಣಿಕೆಯನ್ನೇ ಆಟದ ಏರಿಳಿತಕ್ಕೂ ಬಳಸಿಕೊಂಡಿರುವುದು ವಿನ್ಯಾಸದ ನಿಜವಾದ ಜಾಣ್ಮೆ. 70 ಚುಕ್ಕಿಗಳು ಮುಗಿದಾಗ ಒಮ್ಮೆ, 170 ಮುಗಿದಾಗ ಇನ್ನೊಮ್ಮೆ, ಹೆಚ್ಚಿನ ಅಂಕ ತರುವ ಹಣ್ಣೊಂದು ಸ್ವಲ್ಪ ಹೊತ್ತು ಕಾಣಿಸಿಕೊಂಡು ಆಟಗಾರನನ್ನು ದಾರಿ ತಪ್ಪಿಸುತ್ತದೆ. ಮೊದಲ ಹಂತದಲ್ಲಿ 20 ಚುಕ್ಕಿಗಳಷ್ಟೇ ಉಳಿದಾಗ ಕೆಂಪು ದೆವ್ವದ ವೇಗ ಹೆಚ್ಚಿ, 10 ಉಳಿದಾಗ ಮತ್ತಷ್ಟು ಹೆಚ್ಚುತ್ತದೆ. ಇಷ್ಟು ಸಾಲದೆಂಬಂತೆ, ಪ್ರತಿ ಚುಕ್ಕಿಯನ್ನು ತಿನ್ನುವಾಗಲೂ ಪ್ಯಾಕ್‌ಮ್ಯಾನ್ ಸೆಕೆಂಡಿನ ಅರವತ್ತನೆಯ ಒಂದು ಭಾಗದಷ್ಟು ಹೊತ್ತು ನಿಲ್ಲುವುದರಿಂದ, ಖಾಲಿ ಓಣಿಯಲ್ಲಿ ಓಡುವುದಕ್ಕಿಂತ ಚುಕ್ಕಿಗಳಿರುವ ಓಣಿಯಲ್ಲಿ ಓಡುವುದು ನಿಧಾನವಾಗುತ್ತದೆ. ಗುರಿಯತ್ತ ಇಡುವ ಪ್ರತಿ ಹೆಜ್ಜೆಯೂ ಅಪಾಯವನ್ನು ಅಷ್ಟಿಷ್ಟು ಹತ್ತಿರ ತರುತ್ತದೆ.

ಪ್ರತಿ ಹಂತಕ್ಕೂ ಗೆಲುವಿದ್ದ ಈ ಆಟಕ್ಕೆ ಒಟ್ಟಾರೆ ಗೆಲುವೊಂದನ್ನು ಯಾರೂ ಬರೆದಿರಲಿಲ್ಲ. ನಾಣ್ಯ ಹಾಕಿ ಆಡುವ ಯಂತ್ರಕ್ಕೆ ಅಂತ್ಯವೇ ಬೇಕಿಲ್ಲವೆಂಬ ವ್ಯಾಪಾರದ ತರ್ಕಕ್ಕೆ ಇದು ಒಪ್ಪುವಂಥದ್ದೇ. ಆದರೂ ಅಂತ್ಯ ಬಂತು. ಹಂತದ ಸಂಖ್ಯೆಯನ್ನು ಎಂಟು ಬಿಟ್‌ಗಳ, ಅಂದರೆ 0ಯಿಂದ 255ರವರೆಗಿನ ಸಂಖ್ಯೆಗಳನ್ನಷ್ಟೇ ಹಿಡಿಸಬಲ್ಲ ಮೆಮೊರಿ ಕೋಶದಲ್ಲಿ ಇಡಲಾಗಿತ್ತು. 99999 ದಾಟಿದ ಹಳೆಯ ಸ್ಕೂಟರಿನ ಮೀಟರು ಸೊನ್ನೆಗೆ ಮರಳುವಂತೆ ಅದೂ 255ರ ನಂತರ ಸೊನ್ನೆಗೆ ಮರಳುತ್ತದೆ. ಪರದೆಯ ಕೆಳಗೆ ಹಂತದ ಗುರುತಾಗಿ ಹಣ್ಣುಗಳನ್ನು ಬಿಡಿಸುವ ಪ್ರೋಗ್ರಾಮಿನ ಭಾಗವು 256ನೆಯ ಹಂತದಲ್ಲಿ ಈ ಸೊನ್ನೆಯಿಂದ ದಾರಿ ತಪ್ಪಿ, ಏಳಕ್ಕೆ ಮೀರದ ಹಣ್ಣುಗಳ ಜಾಗದಲ್ಲಿ 256 ಹಣ್ಣುಗಳನ್ನು ಬಿಡಿಸಲು ಹೊರಟು, ಪರದೆಯ ಬಲ ಅರ್ಧವನ್ನು ಅಕ್ಷರ, ಅಂಕಿಗಳ ಕಲಸುಮೇಲೋಗರವಾಗಿಸುತ್ತದೆ. ಆಟವೇನೂ ನಿಲ್ಲುವುದಿಲ್ಲ, ದೆವ್ವಗಳು ಎಂದಿನಂತೆ ಅಟ್ಟಿಸಿಕೊಂಡು ಬರುತ್ತವೆ, ಯಂತ್ರ ಎಂದಿನಂತೆ 244ರ ದಾರಿ ಕಾಯುತ್ತದೆ. ಆದರೆ ಬಲಭಾಗದ ಚುಕ್ಕಿಗಳು ಬಹುಪಾಲು ಅಳಿಸಿಹೋಗಿರುವುದರಿಂದ ಆ ಎಣಿಕೆ ತುಂಬುವುದೇ ಇಲ್ಲ.

ಮರುವರ್ಷ, ಅಂದರೆ 1981ರಲ್ಲಿ, ನಿಂಟೆಂಡೊ ಹೊರತಂದ ಡಾಂಕಿ ಕಾಂಗ್‌ಗೂ ಇದೇ ಎಂಟು ಬಿಟ್‌ಗಳ ಮಿತಿ ತಟ್ಟಿತು. ಹಂತಕ್ಕೆ ನಾಲ್ಕನ್ನು ಕೂಡಿಸಿ ಹತ್ತರಿಂದ ಗುಣಿಸಿ ಕಾಲಾವಧಿಯನ್ನು ಲೆಕ್ಕ ಹಾಕುವ ಆ ಆಟದಲ್ಲಿ, 22ನೆಯ ಹಂತಕ್ಕೆ ಬರಬೇಕಾದ 260 ಕೋಶದಲ್ಲಿ ಹಿಡಿಸದೆ 4 ಆಗಿ ಉಳಿಯುವುದರಿಂದ, ನಾಯಕ ಮೇಲಿನ ಅಟ್ಟವನ್ನು ತಲುಪುವ ಮೊದಲೇ ಸಮಯ ಮುಗಿದಿರುತ್ತದೆ.

ಈ ಎರಡು ಪ್ರಸಂಗಗಳಲ್ಲಿ ಗುರಿ ಸರಿಯಾಗಿತ್ತು, ಲೆಕ್ಕ ಕೈಕೊಟ್ಟಿತು. ಲೆಕ್ಕ ಸರಿಯಿದ್ದು ಗುರಿಯೇ ತಪ್ಪಿದ ಪ್ರಸಂಗ ಇನ್ನೂ ಗಂಭೀರವಾದುದು. ಓಪನ್‌ಎಐ ಸಂಸ್ಥೆ 2016ರಲ್ಲಿ ಕೋಸ್ಟ್‌ರನ್ನರ್ಸ್ ಎಂಬ ದೋಣಿ ಪಂದ್ಯದ ಆಟವನ್ನು ಕೃತಕ ಬುದ್ಧಿಮತ್ತೆಗೆ ಕಲಿಸಲು ಹೊರಟು, ಹೆಚ್ಚು ಅಂಕ ಗಳಿಸುವುದನ್ನೇ ಅದಕ್ಕೆ ಗುರಿಯಾಗಿ ಕೊಟ್ಟಿತು. ಆಟದಲ್ಲಿ ಅಂಕ ಸಿಗುತ್ತಿದ್ದುದು ಪಂದ್ಯ ಮುಗಿಸಿದ್ದಕ್ಕಲ್ಲ, ದಾರಿಯುದ್ದಕ್ಕೂ ಇಟ್ಟಿದ್ದ ವಸ್ತುಗಳಿಗೆ ತಾಗಿದ್ದಕ್ಕೆ. ಕಲಿತ ದೋಣಿ ಪಂದ್ಯವನ್ನೇ ಬಿಟ್ಟು, ಮತ್ತೆ ಮತ್ತೆ ಮೂಡುವ ಮೂರು ವಸ್ತುಗಳಿದ್ದ ಮೂಲೆಯೊಂದರಲ್ಲಿ, ಬೆಂಕಿ ಹತ್ತಿಸಿಕೊಂಡು, ಬೇರೆ ದೋಣಿಗಳಿಗೆ ಢಿಕ್ಕಿ ಹೊಡೆಯುತ್ತ ಸುತ್ತತೊಡಗಿ, ಮಾನವ ಆಟಗಾರರಿಗಿಂತ ಸರಾಸರಿ ಶೇ. 20ರಷ್ಟು ಹೆಚ್ಚು ಅಂಕ ಗಳಿಸಿತು. ಆಡಲು ಕುಳಿತ ಮನುಷ್ಯರು ಪಂದ್ಯವೆಂದರೆ ಮೊದಲು ದಡ ಮುಟ್ಟುವುದೆಂದು ತಾವಾಗಿಯೇ ತಿಳಿದುಕೊಂಡು ನಿಯಮದ ಕೊರತೆಯನ್ನು ತುಂಬಿಕೊಳ್ಳುತ್ತಿದ್ದರು. ಬರೆದದ್ದನ್ನಷ್ಟೇ ಓದಬಲ್ಲ ಯಂತ್ರದ ಮುಂದೆ ಆ ಕೊರತೆ ಬಯಲಾಯಿತು. ಇಲ್ಲಿ ತಪ್ಪು ದೋಣಿಯದಲ್ಲ, ಅಂಕವನ್ನೇ ಗೆಲುವೆಂದು ಬರೆದುಕೊಟ್ಟವರದು.